ಕೊಂಬೆಯ ಪೂರ್ವಾಪರ

ಮಕ್ಕಳೇ, ಮೂರು ತಿಂಗಳ ಹಿಂದೆ ನನ್ನಿಂದ ಒಂದು ತಪ್ಪಾಯಿತು. ತಾತಂದಿರು ತಪ್ಪು ಮಾಡುವುದಿಲ್ಲ ಎಂದು ನೀವು ತಿಳಿದುಕೊಂಡಿದ್ದರೆ ಅದನ್ನು ಇವತ್ತೇ ತಲೆಯಿಂದ ತೆಗೆದುಬಿಡಿ. ತಪ್ಪು ಮಾಡುತ್ತೇವೆ. ವಯಸ್ಸಾಯಿತಲ್ಲ ಎಂದು ಯಾರೂ ಬೈಯುವುದಿಲ್ಲ, ಅಷ್ಟೆ. ಈ ಸಲ ಮಾತ್ರ ನನ್ನ ಮೊಮ್ಮಗ ಬೈದ. ಅವನು ಬೈದದ್ದು ಸರಿಯಾಗಿಯೇ ಇತ್ತು.

ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಮಗಳ ಸಂಸಾರ. ಅಲ್ಲಿ ಒಂದು ಇಗ್ವಾನಾ ಇದೆ. ಅಳಿಯನ ಗೆಳೆಯರೊಬ್ಬರು ಕೆಲಸದ ಮೇಲೆ ವಿದೇಶಕ್ಕೆ ಹೊರಟಾಗ ಕಾಗದಪತ್ರಗಳ ಸಮೇತ ನಮ್ಮ ಮನೆಗೆ ಒಪ್ಪಿಸಿ ಹೋದರು. ಇಗ್ವಾನಾ ಎಂದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬದುಕುವ ದೊಡ್ಡ ಹಲ್ಲಿ. ನೋಡುವುದಕ್ಕೆ ನಮ್ಮ ಬೇಲಿಯ ಓತಿಕ್ಯಾತನ ದೊಡ್ಡಣ್ಣನ ಹಾಗೆ ಕಾಣುತ್ತದೆ. ಬಾಲ ಸೇರಿ ಐದಡಿ ದಾಟಿ ಬೆಳೆಯಬಲ್ಲದು. ಆದರೆ ತಿನ್ನುವುದು ಬರೀ ಸೊಪ್ಪು, ಹೂವು, ಹಣ್ಣು. ನಮ್ಮದು ಇನ್ನೂ ಎರಡೂವರೆ ಅಡಿ. ಮೊಮ್ಮಗ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಿದ್ದಾನೆ.

ಮರದ ಮೇಲಿನ ಪ್ರಾಣಿಗೆ ಗೂಡಿನೊಳಗೆ ಮರ ಬೇಡವೇ? ಇದ್ದ ಕೊಂಬೆ ಅದರ ಮೈಗೆ ಸಣ್ಣದಾಗಿತ್ತು. "ತಾತ, ಒಂದು ದಪ್ಪ ಕೊಂಬೆ ತಂದುಕೊಡ್ತೀಯಾ?" ಎಂದ. ಬೆಳಗಿನ ವಾಕಿಂಗಿನಲ್ಲಿ ರಸ್ತೆ ಪಕ್ಕ ಬಿದ್ದಿದ್ದ ಒಂದು ಸೊಟ್ಟ ಕೊಂಬೆ ಕಣ್ಣಿಗೆ ಬಿತ್ತು. ಹೆಗಲ ಮೇಲೆ ಹೊತ್ತು ತಂದೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಗೂಡಿನೊಳಗೆ ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಶಹಬ್ಬಾಸ್ ಎಂದು ನನಗೆ ನಾನೇ ಹೇಳಿಕೊಂಡೆ.

ಕೊಂಬೆಯ ಒಂದು ತುದಿ ಪೊಳ್ಳಾಗಿತ್ತು. ಅದರೊಳಗೆ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಗೂಡಿನ ದೀಪದ ಬಿಸಿ ತಗಲಿತೋ ಏನೋ, ರಾತ್ರಿಯೆಲ್ಲ ಸಾಲುಗಟ್ಟಿ ಹೊರಬಂದಿವೆ. ಬೆಳಿಗ್ಗೆ ನೋಡಿದರೆ ಪಚ್ಚೆ ಮೂಲೆಯಲ್ಲಿ ಮುದುರಿಕೊಂಡು ಕೂತಿತ್ತು. ಕಾಲ್ಬೆರಳುಗಳು ಊದಿದ್ದವು, ಒಂದು ಕಣ್ಣು ಮುಚ್ಚಿಹೋಗಿತ್ತು. ಆಟೋ ಹಿಡಿದು ಪಶುವೈದ್ಯರ ಬಳಿ ಓಡಿದೆವು. ಅವರು ಚಿಮ್ಮಟದಿಂದ ಇರುವೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾ ನನ್ನನ್ನು ಕೇಳಿದರು: "ಇದು ಯಾವ ಮರದ ಕೊಂಬೆ ಯಜಮಾನರೇ?"

"ಗೊತ್ತಿಲ್ಲ."

"ಎಲ್ಲಿ ಬೆಳೆದಿತ್ತು?"

"ರಸ್ತೆ ಪಕ್ಕ ಬಿದ್ದಿತ್ತು."

"ಅದಕ್ಕೆ ಯಾರಾದರೂ ಔಷಧಿ ಹೊಡೆದಿದ್ದರಾ?"

ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಕಾಲದಲ್ಲಿ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಬಂದವರಿಗೆ ಪರಿಚಯದವರೊಬ್ಬರ ಸಹಿ ಇಲ್ಲದೆ ಪಾಸ್‌ಬುಕ್ಕು ಕೊಡುತ್ತಿರಲಿಲ್ಲ. ಜೀವಮಾನವೆಲ್ಲ ಬಂದವರ ಪೂರ್ವಾಪರ ವಿಚಾರಿಸಿದ ನಾನು ಒಂದು ಕೊಂಬೆಯ ಪೂರ್ವಾಪರ ವಿಚಾರಿಸದೆ ಮನೆಯೊಳಗೆ ಬಿಟ್ಟುಕೊಂಡಿದ್ದೆ. ವಾಪಸು ಬರುವಾಗ ಆಟೋದಲ್ಲಿ ಮೊಮ್ಮಗ ಕಣ್ಣು ಒರೆಸಿಕೊಳ್ಳುತ್ತಾ, "ನೀನು ತಂದಿದ್ದು ಅಂತ ನಾನು ನೋಡಲೇ ಇಲ್ಲ ತಾತ" ಎಂದ. ಅದೇ ಅವನು ಬೈದದ್ದು. ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಪಚ್ಚೆ ಹತ್ತು ದಿನದಲ್ಲಿ ಚೇತರಿಸಿಕೊಂಡಿತು. ಎರಡನೆಯ ಕೊಂಬೆಯನ್ನು ಹೇಗೆ ಹುಡುಕಿದೆವು, ಹೇಗೆ ಸಿದ್ಧಪಡಿಸಿದೆವು ಎಂಬುದನ್ನು ಈ ವಾರ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಇಗ್ವಾನಾ ಇರಬೇಕಾಗಿಲ್ಲ. ಲವ್ ಬರ್ಡ್ಸ್ ಇದ್ದರೂ ಇದೇ ಲೆಕ್ಕ.

ಮೊದಲ ಪ್ರಶ್ನೆ, ಯಾವ ಮರ? ಗೊತ್ತಿಲ್ಲದ ಮರ ಬೇಡ. ಇದು ಮೊದಲ ನಿಯಮ. ಇಗ್ವಾನಾ ತನ್ನ ಸುತ್ತಲಿನ ವಸ್ತುಗಳನ್ನೆಲ್ಲ ನಾಲಗೆ ತಾಗಿಸಿ ತಾಗಿಸಿ ಪರಿಚಯ ಮಾಡಿಕೊಳ್ಳುತ್ತದೆ. ನಾವು ಮೂಗಿನಲ್ಲಿ ಮಾಡುವ ಕೆಲಸದಲ್ಲಿ ಅರ್ಧವನ್ನು ಅದು ನಾಲಗೆಯಲ್ಲಿ ಮಾಡುತ್ತದೆ. ಕೊಂಬೆಯ ಮೇಲೆ ಏನಿದೆಯೋ ಅದು ಅದರ ಬಾಯಿಗೆ ಹೋಗುತ್ತದೆ ಎಂದೇ ತಿಳಿಯಬೇಕು. ಕಣಗಿಲೆಯ ಗಿಡ ಬೇರಿನಿಂದ ಹೂವಿನವರೆಗೆ ವಿಷ, ಅದು ಬೇಡ. ಹಾಲು ಸುರಿಸುವ ಕಳ್ಳಿ, ಎಕ್ಕ ಬೇಡ. ಬೇಲಿಯ ಲಂಟಾನ ಬೇಡ, ಅದರ ಸೊಪ್ಪು ತಿಂದು ದನಕರುಗಳೇ ಕಾಯಿಲೆ ಬೀಳುತ್ತವೆ. ನಮ್ಮ ತಾಲ್ಲೂಕಿನಲ್ಲಿ ನೀಲಗಿರಿ ತೋಪಿಗೆ ಬರವಿಲ್ಲ, ಆದರೆ ನೆಗಡಿಯಾದಾಗ ನಮಗೆ ಹಿತವೆನಿಸುವ ಆ ಎಣ್ಣೆಯ ಘಾಟು ಮುಚ್ಚಿದ ಗೂಡಿನೊಳಗೆ ಹಗಲು ರಾತ್ರಿ ಉಸಿರಾಡುವ ಪ್ರಾಣಿಗೆ ಒಳ್ಳೆಯದಲ್ಲ. ಸಾಮಾನು ಬರುವ ಪೈನ್ ಮರದ ಪೆಟ್ಟಿಗೆಗಳಲ್ಲೂ ಅಂಟಿನ ವಾಸನೆ ಇರುತ್ತದೆ, ಅವೂ ಬೇಡ. ಸೀಬೆ ಮರದ ಗಟ್ಟಿ ಕೊಂಬೆ ಒಳ್ಳೆಯದು. ಹಿಪ್ಪುನೇರಳೆ ಒಳ್ಳೆಯದು.

ಎರಡನೆಯ ಪ್ರಶ್ನೆ, ಎಲ್ಲಿತ್ತು? ಕಾಡಿನಿಂದ ತರುವಂತಿಲ್ಲ. ಅರಣ್ಯ ಇಲಾಖೆಯ ಜಾಗದಲ್ಲಿ ಒಣಗಿ ಬಿದ್ದ ಕೊಂಬೆಯೂ ಅರಣ್ಯದ್ದೇ. ಕಾನೂನು ಹಾಗಿರಲಿ, ಬಿದ್ದ ಮರ ಅಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಅದರ ಕೆಳಗೆ ಹಾವುರಾಣಿ, ಕಪ್ಪೆ, ಜರಿ, ಚೇಳು ಎಲ್ಲವೂ ವಾಸ ಮಾಡುತ್ತವೆ. ನಿಮ್ಮ ಸಾಕುಪ್ರಾಣಿಗೆ ಮನೆ ಕಟ್ಟಲು ಇನ್ನೊಂದರ ಮನೆ ಕಿತ್ತು ತರುವುದು ನ್ಯಾಯವಲ್ಲ. ಗುರುತಿನವರ ಹೊಲ, ತೋಟಗಳಲ್ಲಿ ಕೇಳಿ ಪಡೆಯಬೇಕು.

ಅಲ್ಲೂ ಒಂದು ಎಚ್ಚರಿಕೆ. ಸೌದೆ ರಾಶಿಗೆ ಕೈ ಹಾಕುವ ಮೊದಲು ಉದ್ದನೆಯ ಕೋಲಿನಿಂದ ತಟ್ಟಿ, ಉರುಳಿಸಿ, ಕಣ್ಣಾರೆ ನೋಡಬೇಕು. ನಮ್ಮ ಕಡೆಯ ಹೊಲಗಳಲ್ಲಿ ಕೊಳಕುಮಂಡಲ ಇದೆ. ತರಗೆಲೆಯ ಬಣ್ಣಕ್ಕೆ ಬಣ್ಣ ಕೂಡಿಸಿ ಮಲಗಿದರೆ ಕಾಣುವುದೇ ಇಲ್ಲ. ಮಕ್ಕಳು ಕೈ ಹಾಕಲೇಬಾರದು. ದೊಡ್ಡವರೂ ಹಗಲಿನಲ್ಲಿ, ಬೂಟು ಹಾಕಿಕೊಂಡು ಹೋಗಿ.

ಮೂರನೆಯ ಪ್ರಶ್ನೆ, ಏನು ಹೊಡೆದಿದ್ದರು? ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಎಲ್ಲರೂ ಮರೆಯುತ್ತಾರೆ.

ನಾನು ಮೊದಲು ಹೋದದ್ದು ದೇವನಹಳ್ಳಿ ರಸ್ತೆಯಲ್ಲಿರುವ ಪರಿಚಯದ ರೈತರೊಬ್ಬರ ದ್ರಾಕ್ಷಿ ತೋಟಕ್ಕೆ. ನಮ್ಮ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿ ಗೊತ್ತಲ್ಲ, ಹುಳಿ ಸಿಹಿ ಸೇರಿದ ಕಪ್ಪು ದ್ರಾಕ್ಷಿ. ಅಲ್ಲಿ ಕಿತ್ತುಹಾಕಿದ ಹಳೆಯ ಬಳ್ಳಿಯ ಬುಡಗಳು ರಾಶಿ ಬಿದ್ದಿದ್ದವು. ಎಂಥ ತಿರುವು, ಎಂಥ ಗಂಟು! ಶಿಲ್ಪಿ ಕೆತ್ತಿದ ಹಾಗಿತ್ತು. ಒಂದನ್ನು ಕೈಗೆತ್ತಿಕೊಂಡವನು ಈ ಸಲ ಬಾಯಿಬಿಟ್ಟು ಕೇಳಿದೆ: "ಇದಕ್ಕೆ ಏನೇನು ಹೊಡೆದಿದ್ದೀರಪ್ಪ?"

ಅವರು ನಕ್ಕರು. "ಏನು ಹೊಡೆದಿಲ್ಲ ಅಂತ ಕೇಳಿ ಸಾರ್. ಹದಿನೈದು ವರ್ಷದ ಬಳ್ಳಿ. ಮೈಲುತುತ್ತವೇ ಎಷ್ಟು ಕುಡಿದಿದೆಯೋ ಲೆಕ್ಕ ಇಟ್ಟಿಲ್ಲ."

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದನ್ನು ಸುಣ್ಣದ ತಿಳಿಯೊಂದಿಗೆ ಬೆರೆಸಿದರೆ ಬೋರ್ಡೋ ದ್ರಾವಣ. ಇದರ ಹಿಂದೊಂದು ಕಥೆಯಿದೆ. ಫ್ರಾನ್ಸಿನ ಬೋರ್ಡೋ ಎಂಬಲ್ಲಿ 1880ರ ದಶಕದಲ್ಲಿ ದ್ರಾಕ್ಷಿಗೆ ಬೂಜು ರೋಗ ಬಂದು ತೋಟಗಳೆಲ್ಲ ಹಾಳಾಗುತ್ತಿದ್ದವು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ಕೆಲವು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೀಲಿ ಬಣ್ಣ ನೋಡಿ ಕಳ್ಳರು ಹೆದರಲಿ ಎಂದು. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅಲ್ಲಿ ಓಡಾಡುವಾಗ ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲ ಎಂಬುದನ್ನು ಕಂಡರು. ಕಳ್ಳರಿಗೆಂದು ಮಾಡಿದ ಉಪಾಯ ಲೋಕಕ್ಕೆಲ್ಲ ಔಷಧಿಯಾಯಿತು. ನಮ್ಮ ಮಲೆನಾಡಿನ ಅಡಿಕೆಗೂ ಇವತ್ತಿಗೂ ಅದನ್ನೇ ಹೊಡೆಯುತ್ತಾರೆ.

ರೈತರದು ಇದರಲ್ಲಿ ತಪ್ಪೇನೂ ಇಲ್ಲ, ಬೆಳೆ ಉಳಿಯಬೇಕಲ್ಲ. ಆದರೆ ವರ್ಷಗಟ್ಟಲೆ ಔಷಧಿ ಕುಡಿದ ತೊಗಟೆ ಪ್ರಾಣಿಯ ನಾಲಗೆಗೆ ಸಿಗಬಾರದು. "ಕುದಿಸಿದರೆ ಹೋಗಲ್ವಾ ತಾತ?" ಎಂದು ಮೊಮ್ಮಗ ಕೇಳಿದ. ಹೋಗುವುದಿಲ್ಲ. ಕುದಿಸಿದರೆ ಇರುವೆ ಸಾಯುತ್ತದೆ, ಹುಳು ಸಾಯುತ್ತದೆ, ಬೂಷ್ಟು ಸಾಯುತ್ತದೆ. ತಾಮ್ರ ಲೋಹ, ಅದಕ್ಕೆ ಸಾವಿಲ್ಲ. ಮರದೊಳಗೆ ಇಳಿದ ಬೇರೆ ಔಷಧಿಗಳೂ ಒಂದು ಕುದಿಗೆ ಹೋಗಿಬಿಡುತ್ತವೆ ಎಂದು ನಂಬುವಂತಿಲ್ಲ. ತೊಳೆದು ಸರಿಮಾಡಬಹುದಾದ ಕೊಳೆ ಬೇರೆ, ತೊಳೆದರೂ ಹೋಗದ ಹಳೆಯ ಲೆಕ್ಕ ಬೇರೆ. ಆ ಸುಂದರವಾದ ಬುಡವನ್ನು ಅಲ್ಲೇ ಇಟ್ಟು ಬಂದೆ. ಬರುವಾಗ ಎರಡು ಸಲ ತಿರುಗಿ ನೋಡಿದೆ ಎಂಬುದೂ ನಿಜ.

ದಾರಿ ತೋರಿಸಿದವರೂ ಆ ರೈತರೇ. "ವಿಜಯಪುರದ ಕಡೆ ರೇಷ್ಮೆ ತೋಟದವರನ್ನು ಕೇಳಿ ಸಾರ್. ಅವರು ನಮ್ಮ ಹಾಗೆ ಹೊಡೆಯೋ ಹಾಗಿಲ್ಲ. ಹೊಡೆದರೆ ಹುಳು ಉಳಿಯಲ್ಲ" ಎಂದರು.

ಈ ಮಾತು ನನಗೆ ಹೊಳೆದೇ ಇರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ, ಸುತ್ತಮುತ್ತ ಹಿಪ್ಪುನೇರಳೆ ತೋಟಗಳಿವೆ. ರೇಷ್ಮೆ ಹುಳು ಬಲು ನಾಜೂಕು. ಸೊಪ್ಪಿನಲ್ಲಿ ಕೀಟನಾಶಕದ ಸ್ವಲ್ಪ ಅಂಶವಿದ್ದರೂ ಸಾಯುತ್ತದೆ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಹಾರಿ ಬಂದು ಹುಳುಗಳು ಸತ್ತ ಸಂಗತಿಯನ್ನು ರೇಷ್ಮೆ ರೈತರು ಹೇಳುತ್ತಾರೆ. ಏನಾದರೂ ಸಿಂಪಡಿಸಲೇಬೇಕಾದರೆ ಅಷ್ಟು ದಿನ ಬಿಟ್ಟೇ ಸೊಪ್ಪು ಕೊಯ್ಯಬೇಕು ಎಂಬ ಲೆಕ್ಕವಿದೆ. ಅಂದರೆ, ಆ ತೋಟದ ಕೊಂಬೆಯ ಪರವಾಗಿ ಸಹಿ ಹಾಕುವುದು ಸಾವಿರಾರು ಹುಳುಗಳು. ಇದಕ್ಕಿಂತ ಒಳ್ಳೆಯ ಪರಿಚಯದವರು ಬೇಕೆ? ಹಿಪ್ಪುನೇರಳೆಯ ಸೊಪ್ಪು ಇಗ್ವಾನಾಕ್ಕೂ ಒಳ್ಳೆಯ ಆಹಾರ ಎಂಬುದು ಇನ್ನೊಂದು ಲಾಭ.

ಅಲ್ಲೊಬ್ಬರು ಹಳೆಯ ಬದುವಿನ ಮರ ಕಡಿದು ವರ್ಷವಾಗಿತ್ತು. ನನ್ನ ತೋಳಿನಷ್ಟು ದಪ್ಪನೆಯ, ಕವಲೊಡೆದ ಕೊಂಬೆ ಕೊಟ್ಟರು. ಆದರೂ ಕೇಳಬೇಕಾದ್ದು ಕೇಳಿದೆ: ಬದುವಿಗೆ ಕಳೆನಾಶಕ ಹೊಡೆದಿದ್ದಿರಾ? ಇಲ್ಲ. ಗೆದ್ದಲಿಗೆ ಪುಡಿ ಹಾಕಿದ್ದಿರಾ? ಇಲ್ಲ. ಹುಳು ಮನೆಯಲ್ಲಿ ಬಿದ್ದಿದ್ದ ಹಳೆಯ ಸ್ಟ್ಯಾಂಡಿನ ಕಟ್ಟಿಗೆಯನ್ನೂ ಒಯ್ಯಿರಿ ಎಂದರು. ಅದು ಮಾತ್ರ ಬೇಡ ಎಂದೆ. ರೋಗ ಬಾರದಿರಲೆಂದು ಹುಳು ಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಹೊಡೆಯುತ್ತಾರೆ. ಅದೇ ತೋಟ, ಅದೇ ಯಜಮಾನರು, ಆದರೆ ಆ ಕಟ್ಟಿಗೆಯ ಪೂರ್ವಾಪರ ಬೇರೆ.

ಇನ್ನು ಮನೆಯ ಕೆಲಸ. ಒಣಗಿದ ಮರವನ್ನು ತಟ್ಟಿದರೆ ಗಟ್ಟಿಯಾದ ಸದ್ದು ಬರಬೇಕು. ಮಂಕಾಗಿ ದಬ್ ಎಂದರೆ ಒಳಗೆ ಹಸಿಯಿದೆ, ಇಲ್ಲವೇ ಕೊಳೆತಿದೆ. ಅಂಗಳದಲ್ಲಿ ಹಳೆಯ ಬಿಳಿ ಪಂಚೆ ಹಾಸಿ ಕೊಂಬೆಯನ್ನು ನೆಲಕ್ಕೆ ಕುಟ್ಟಿದೆವು. ಮೂರು ಇರುವೆ, ಒಂದು ಜೇಡ ಬಿದ್ದವು. ಅವನ್ನು ಬೇಲಿಗೆ ಬಿಟ್ಟು ಬಂದ ಮೊಮ್ಮಗ. ಸಡಿಲವಾದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿದೆವು, ಅದರ ಹಿಂದೆಯೇ ಹುಳುಗಳು ಅಡಗುವುದು. ಪೊಳ್ಳಾದ ತುದಿಯನ್ನು ಗರಗಸದಿಂದ ಕೊಯ್ದು ಎಸೆದೆವು. ಆಮೇಲೆ ತೆಂಗಿನ ನಾರಿನಿಂದ, ಬರೀ ನೀರಿನಲ್ಲಿ ಉಜ್ಜಿದ್ದಾಯಿತು. ಸೋಪು ಬೇಡ, ಮರ ಅದನ್ನು ಹೀರಿಕೊಳ್ಳುತ್ತದೆ.

ಇಷ್ಟು ಹೊತ್ತಿಗೆ ನಮ್ಮ ಮನೆಯವರು ಫಿನಾಯಿಲ್ ಡಬ್ಬಿ ಹಿಡಿದು ಬಂದರು. "ಇಷ್ಟೆಲ್ಲ ಯಾಕೆ, ಇದರಲ್ಲಿ ಒಂದು ಸಲ ಒರೆಸಿ, ಯಾವ ಕ್ರಿಮಿಯೂ ಇರಲ್ಲ" ಎಂದರು. ಓರಗೆಯ ಅಜ್ಜಿಯರೇ, ನಿಮಗೂ ಅದೇ ತೋರಬಹುದು. ಫಿನಾಯಿಲ್ ಈ ಜಾತಿಯ ಪ್ರಾಣಿಗಳಿಗೆ ವಿಷ. ವಾರ್ನಿಷ್, ಟರ್ಪೆಂಟೈನ್, ಪೇಂಟು ಕೂಡ ಹಾಗೆಯೇ. ಗೂಡಿನ ದೀಪದ ಬಿಸಿಗೆ ಅವುಗಳ ಆವಿ ಏಳುತ್ತದೆ.

ಕುದಿಸುವುದಕ್ಕೆ ನಾನು ಬಚ್ಚಲ ಮನೆಯ ಹಳೆಯ ತಾಮ್ರದ ಹಂಡೆ ಹೊರಗೆ ತಂದೆ. ಮೊಮ್ಮಗ ಸುಮ್ಮನೆ ನೋಡುತ್ತಿದ್ದವನು, "ತಾಮ್ರ ಬೇಡ ಅಂತ ದ್ರಾಕ್ಷಿ ಬಿಟ್ಟು ಬಂದೆವಲ್ಲ ತಾತ, ಈಗ ತಾಮ್ರದಲ್ಲೇ ಬೇಯಿಸ್ತೀಯಾ?" ಎಂದ. ಎಪ್ಪತ್ತು ದಾಟಿದ ತಲೆಗೆ ಅದು ಹೊಳೆದಿರಲಿಲ್ಲ. ಮರದ ಒಗರು ನೀರಿಗೆ ಬಿಟ್ಟು ಕುದಿಯುವಾಗ ಪಾತ್ರೆಯ ತಾಮ್ರ ಕರಗುತ್ತದೆ. ಹುಣಸೆಹಣ್ಣು ಹಚ್ಚಿದರೆ ತಾಮ್ರದ ಚೊಂಬು ಹೊಳೆಯುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಹಂಡೆಯನ್ನು ಒಳಗಿಟ್ಟು, ಅಡುಗೆಗೆ ಬಳಸದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದೆ. ಕೊಂಬೆ ಪೂರ್ತಿ ಮುಳುಗಲಿಲ್ಲ. ಒಂದು ತುದಿ ಒಂದು ಗಂಟೆ, ತಿರುಗಿಸಿ ಇನ್ನೊಂದು ತುದಿ ಒಂದು ಗಂಟೆ ಕುದಿಸಿದೆವು. ನೀರು ಕಾಫಿ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಿ ಹೊಸ ನೀರಿನಲ್ಲಿ ಇನ್ನೊಂದು ಸಲ ಕುದಿಸಿದೆವು. ಮಕ್ಕಳೇ, ಕುದಿಯುವ ಪಾತ್ರೆಯ ಬಳಿ ಇರಬೇಕಾದವರು ದೊಡ್ಡವರು. ಮೊಮ್ಮಗ ದೂರದಲ್ಲಿ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುವ ಕೆಲಸ ಮಾಡಿದ. ಓವನ್ನಿನಲ್ಲಿಟ್ಟು ಒಣಗಿಸುವ ಯೋಚನೆ ಬೇಡ, ಮರಕ್ಕೆ ಬೆಂಕಿ ಹತ್ತಬಹುದು.

ಒಣಗಿತೆಂದು ತಿಳಿಯುವುದು ಹೇಗೆ? ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ತೇವವಿದ್ದರೆ ಬೂಷ್ಟು ಬರುತ್ತದೆ. ಇದಕ್ಕೆ ತಕ್ಕಡಿಯಂಥ ಸಾಕ್ಷಿ ಇನ್ನೊಂದಿಲ್ಲ. ಮೊದಲ ದಿನ ಕೊಂಬೆ 3 ಕಿಲೋ 400 ಗ್ರಾಂ ತೂಗಿತು. ಮಹಡಿಯ ಬಿಸಿಲಿನಲ್ಲಿ ದಿನಾ ಹೊರಳಿಸಿ, ಮೂರು ದಿನಕ್ಕೊಮ್ಮೆ ತೂಗಿ ನೋಟುಬುಕ್ಕಿನಲ್ಲಿ ಬರೆದೆವು. 3 ಕಿಲೋ 100, 2 ಕಿಲೋ 900, 2 ಕಿಲೋ 800. ಮತ್ತೆ 2 ಕಿಲೋ 800. ಮೂರನೆಯ ಸಲವೂ ಅಷ್ಟೇ ಬಂದ ಮೇಲೆ ಒಣಗಿದೆ ಎಂದು ಒಪ್ಪಿಕೊಂಡೆವು. ಆಮೇಲೆ ಒಂದು ವಾರ ಕಪ್ಪು ಕಾಗದದ ಮೇಲೆ ಮಲಗಿಸಿದೆವು. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕುಟ್ಟೆ ಹುಳು ಬದುಕಿದೆ ಎಂದರ್ಥ. ಪುಡಿ ಬೀಳಲಿಲ್ಲ.

ಚೂಪಾದ ಮೊನೆಗಳನ್ನು ಮಾತ್ರ ಮರಳು ಕಾಗದದಿಂದ ಉಜ್ಜಿದೆವು. ಉಳಿದದ್ದು ಒರಟಾಗಿಯೇ ಇರಲಿ, ಉಗುರಿಗೆ ಹಿಡಿತ ಬೇಕು. ಬಡಗಿ ಬಂದು ಗೂಡಿನ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದ. ದೀಪಕ್ಕೆ ಕೊಂಬೆ ತೀರ ಹತ್ತಿರವಿರಬಾರದು, ಪ್ರಾಣಿಯ ಬೆನ್ನು ಸುಡುತ್ತದೆ. ಮೊಮ್ಮಗ ಎರಡೂ ಕೈಯಿಂದ ಜಗ್ಗಿ ನೋಡಿದ, ಅಲುಗಲಿಲ್ಲ.

ಕೊಳೆಯಾದ ಕೊಂಬೆಯನ್ನು ಮತ್ತೆ ತೊಳೆಯುವಾಗ ಅಡುಗೆಮನೆಯ ತೊಟ್ಟಿ ಬೇಡ. ಈ ಪ್ರಾಣಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಪ್ರಾಣಿ ಆರೋಗ್ಯವಾಗಿ ಕಂಡರೂ. ಅದರಿಂದ ಹೆಚ್ಚು ತೊಂದರೆಯಾಗುವುದು ಐದು ವರ್ಷದೊಳಗಿನ ಮಕ್ಕಳಿಗೆ, ಮತ್ತೆ ನಮ್ಮಂಥ ಮುದುಕರಿಗೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ನಾವು ಈಗ ಇನ್ನೊಂದು ಕೊಂಬೆಯನ್ನೂ ತಯಾರು ಮಾಡುತ್ತಿದ್ದೇವೆ. ಒಂದು ಗೂಡಿನಲ್ಲಿ, ಒಂದು ಬಿಸಿಲಿನಲ್ಲಿ.

ಪೂರ್ವಾಪರದ ಮಾತು ಕೊಂಬೆಗೆ ಮಾತ್ರವಲ್ಲ, ಪ್ರಾಣಿಗೂ ಸಲ್ಲುತ್ತದೆ. ನಮ್ಮ ಜಿಲ್ಲೆಯಲ್ಲೇ ಇರುವ ವಿಮಾನ ನಿಲ್ದಾಣದಲ್ಲಿ, 2024ರ ಏಪ್ರಿಲ್‌ನಲ್ಲಿ, ಬ್ಯಾಂಕಾಕಿನಿಂದ ಬಂದ ಒಬ್ಬನ ಪೆಟ್ಟಿಗೆಯೊಳಗೆ 10 ಹಳದಿ ಅನಕೊಂಡಗಳು ಸಿಕ್ಕವು. ಹಿಂದಿನ ವರ್ಷ ಆಗಸ್ಟಿನಲ್ಲಿ ಇನ್ನೊಬ್ಬನ ಪೆಟ್ಟಿಗೆಗಳಲ್ಲಿ 234 ಪ್ರಾಣಿಗಳಿದ್ದವು. ಅವುಗಳಲ್ಲಿ ಇಗ್ವಾನಾಗಳೂ ಇದ್ದವು, ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿಯೂ ಇತ್ತು. ಇಗ್ವಾನಾದಂಥ ವಿದೇಶಿ ಪ್ರಾಣಿ ಸಾಕುವವರು 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಮ್ಮ ನಾಡಿನ ಉಡ, ಹೆಬ್ಬಾವು, ನಕ್ಷತ್ರ ಆಮೆಗಳನ್ನಂತೂ ಮನೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ನಕ್ಷತ್ರ ಆಮೆ ಮನೆಗೆ ಅದೃಷ್ಟ ಎಂದು ಯಾರಾದರೂ ಹೇಳಿದರೆ, ಅದು ಆಮೆಯ ದುರದೃಷ್ಟ ಎಂದು ಹೇಳಿ.

ಹೊಸ ಕೊಂಬೆ ಇಟ್ಟ ಮೊದಲ ದಿನ ಪಚ್ಚೆ ಅದರ ಬಳಿ ಸುಳಿಯಲಿಲ್ಲ. ಎರಡನೆಯ ದಿನ ನಾಲಗೆ ಚಾಚಿ ಚಾಚಿ ವಿಚಾರಣೆ ನಡೆಸಿತು. ಮೂರನೆಯ ದಿನ ಮಧ್ಯಾಹ್ನ ಮೊಮ್ಮಗ ಶಾಲೆಯಿಂದ ಬರುವಷ್ಟರಲ್ಲಿ ಕವಲಿನ ಮೇಲೆ ನಾಲ್ಕೂ ಕಾಲು ಇಳಿಬಿಟ್ಟು ನಿದ್ದೆ ಮಾಡುತ್ತಿತ್ತು. ಅವನು ಸದ್ದಿಲ್ಲದೆ ಹೋಗಿ ನೋಟುಬುಕ್ಕು ತಂದ. ಹಿಪ್ಪುನೇರಳೆ, ವಿಜಯಪುರದ ಬಳಿ, ಬದುವಿನ ಮರ, ಔಷಧಿ ಇಲ್ಲ, ತಂದ ತಾರೀಕು, ಕುದಿಸಿದ ತಾರೀಕು, ತೂಕ ಎಲ್ಲ ಬರೆದು ಕೆಳಗೆ ತನ್ನ ಸಹಿ ಹಾಕಿದ. ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿ, "ನೀನೂ ಹಾಕು ತಾತ" ಎಂದ. ಹಾಕಿದೆ.

ಈ ವಾರ ನಿಮಗೊಂದು ಕೆಲಸ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮ ಬೀದಿಯಲ್ಲಿ ನಡೆಯಿರಿ. ಹತ್ತು ಗಿಡಮರಗಳ ಹೆಸರು ಕೇಳಿ ಬರೆದುಕೊಳ್ಳಿ. ಮುಟ್ಟಬಾರದವು ಯಾವುವು ಎಂಬುದನ್ನೂ ಕೇಳಿ. ಅಜ್ಜ ಅಜ್ಜಿಯರೇ, ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ. ನಾನು ವೈದ್ಯರ ಮುಂದೆ ಮೂರು ತಿಂಗಳ ಹಿಂದೆಯೇ ಹೇಳಿ ಅಭ್ಯಾಸ ಮಾಡಿಕೊಂಡಿದ್ದೇನೆ.